ಪೂಜೆ ಮುಗಿಯುವ ತನಕ ಕಾದ ಮಾತ್ರೆ

ನಾನು ಕೊಟ್ಟ ತೀರ್ಪುಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಚಾಚೂ ತಪ್ಪದೆ ಜಾರಿಯಾದವು ಎರಡೇ. ಎರಡನ್ನೂ ಜಾರಿ ಮಾಡಿದವರು ಒಬ್ಬರೇ: ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಎದುರು ಮನೆಯ ನೇಕಾರರು. ಮೊದಲ ತೀರ್ಪಿನಿಂದ ನನ್ನ ಮನೆಯ ಏಣಿ ಸ್ವಚ್ಛವಾಯಿತು. ಎರಡನೆಯದರ ಸಂಗತಿ ಬರೆಯಲು ಕೂತಿದ್ದೇನೆ. ಮೂರು ವರ್ಷದಿಂದ ಕೂತಿದ್ದೇನೆ.

ತೀರ್ಪು ಎಂದಮಾತ್ರಕ್ಕೆ ನಾನು ನ್ಯಾಯಾಧೀಶನೇನಲ್ಲ. ಮಕ್ತಲದ ಕನ್ನಡ ಶಾಲೆಯಲ್ಲಿ ಆಯುಷ್ಯವೆಲ್ಲ ಮಗ್ಗಿ ಹೇಳಿಸಿ ನಿವೃತ್ತನಾದ ಮಾಸ್ತರ. ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಓಣಿಯ ನಾಲ್ಕು ಜನ ಸೇರುತ್ತಿದ್ದರು. ಯಾರದೋ ಮೇಕೆ ಯಾರದೋ ಹಿತ್ತಲಿನ ಪುಂಡಿಪಲ್ಯ ಮೇಯ್ದರೆ, ಮಗ್ಗದ ಮೇಲೆ ಬಿದ್ದ ಹಲ್ಲಿಯ ಶಕುನ ನೇಯುವವನಿಗೋ ಉಡುವವಳಿಗೋ ಎಂದು ತಕರಾರು ಬಂದರೆ, ನಾನು ಕನ್ನಡಕ ಒರೆಸಿ, ಗಂಟಲು ಸರಿಮಾಡಿಕೊಂಡು, ನಿಜಾಮನ ಕಾಲದ ಕಚೇರಿಯ ಗತ್ತಿನಲ್ಲಿ "ಫೈಸಲಾ" ಹೇಳುತ್ತಿದ್ದೆ. ಜನ ನಗುತ್ತಿದ್ದರು. ಕಟ್ಟೆಗೆ ಮುನ್ಸಿಫ್ ಕಚೇರಿ ಎಂದೇ ಹೆಸರು ಬಿತ್ತು. ಆ ಕಚೇರಿಯಲ್ಲಿ ನಗದೆ ಕೂರುತ್ತಿದ್ದವರು ಎದುರು ಮನೆಯ ಈ ನೇಕಾರರೊಬ್ಬರೇ. ನಗೆ ಬಾರದ ಮನುಷ್ಯರೇನಲ್ಲ. ತೀರ್ಪಿಗೆ ನಗಬೇಕು ಎಂಬುದು ಮಾತ್ರ ಅವರಿಗೆ ಹೊಳೆಯುತ್ತಿರಲಿಲ್ಲ.

ಒಮ್ಮೆ ಯಾರೋ ನಮ್ಮ ಏಣಿ ಒಯ್ದು ಸುಣ್ಣ ಮೆತ್ತಿಸಿ ತಂದಿಟ್ಟರು. ನಾನು ಕಟ್ಟೆಯ ಮೇಲಿಂದ ಹುಕುಂ ಹೊರಡಿಸಿದೆ: ಎರವಲು ಒಯ್ದ ಏಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ತೊಳೆದು, ಒರೆಸಿ, ಮಾಲೀಕನ ಸಮಕ್ಷಮ ಹಾಜರುಪಡಿಸತಕ್ಕದ್ದು. ಸುಣ್ಣ ಮೆತ್ತಿದವನು ನಕ್ಕು ಮರೆತ. ಇವರು ಮರೆಯಲಿಲ್ಲ. ಅಲ್ಲಿಂದ ಮುಂದೆ ಏಣಿ ಒಯ್ದಾಗಲೆಲ್ಲ ಹದಿಮೂರು ಮೆಟ್ಟಿಲನ್ನೂ ತೊಳೆದು, ಹಳೆಯ ಪಂಜಿಯಿಂದ ಒರೆಸಿ, ನನ್ನ ಮುಂದೆ ತಂದು ನಿಲ್ಲಿಸುವರು. ನಾನು "ಮಂಜೂರ್" ಎನ್ನುವ ತನಕ ಏಣಿಯೂ ಹೋಗದು, ಅವರೂ ಹೋಗರು. ನಾನು ಊಟಕ್ಕೆ ಕೂತಿದ್ದರೆ ಏಣಿ ಹಿಡಿದು ಹೊರಗೆ ಕಾಯುತ್ತಿದ್ದರು. ಈ ಮಸ್ಕಿರಿ ಸಾಕು ಮಾಡ್ರಿ, ಪಾಪ, ಎಂದು ನನ್ನ ಹೆಂಡತಿ ಎಷ್ಟೋ ಸಲ ಹೇಳಿದಳು. ಒಮ್ಮೆ ಕೊಟ್ಟ ಹುಕುಂ ವಾಪಸು ಪಡೆಯುವ ಅಧಿಕಾರ ಈ ಕಚೇರಿಗಿಲ್ಲ ಎಂದು ನಾನು ಗಂಭೀರವಾಗಿ ಉತ್ತರಿಸುತ್ತಿದ್ದೆ.

ಅವರು ಮುಖ ನೋಡಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಪಕ್ಕದಲ್ಲಿ ಕೂತರೆಂದರೆ ನಮ್ಮ ಅಂಗಿಯ ತುದಿಯನ್ನೋ ಧೋತರದ ಅಂಚನ್ನೋ ಎರಡು ಬೆರಳಲ್ಲಿ ಹಿಡಿದು, ಹೆಬ್ಬೆರಳಿನಿಂದ ತೀಡುತ್ತ ಮಾತಾಡುವರು. ಮಾತು ಮುಗಿಯುವ ಹೊತ್ತಿಗೆ ನೂಲು ಎಂಥದು, ಬಣ್ಣ ಎಷ್ಟು ಒಗೆತಕ್ಕೆ ಬಿಡುತ್ತದೆ, ಅಂಗಡಿಯವನು ನಮಗೆ ಎಂಥ ಟೋಪಿ ಹಾಕಿದ್ದಾನೆ, ಎಲ್ಲ ಅವರಿಗೆ ತಿಳಿದುಹೋಗಿರುತ್ತಿತ್ತು. "ಮನಿಷ್ಯಾ ಸುಳ್ಳು ಹೇಳ್ತಾನ್ರಿ ಮಾಸ್ತರ್ರ, ಅರಿವಿ ಹೇಳಂಗಿಲ್ಲ" ಎನ್ನುವರು. ಈಗಲೂ ಸಂಜೆ ಕಟ್ಟೆಯ ಮೇಲೆ ಒಬ್ಬನೇ ಕೂತಿರುವಾಗ ನನ್ನ ಧೋತರದ ಅಂಚನ್ನು ಯಾರೋ ಹಿಡಿದಂತಾಗುತ್ತದೆ. ಗಾಳಿ ಎಂದು ಹೇಳಿಕೊಳ್ಳುತ್ತೇನೆ. ಗಾಳಿಗೆ ಹೆಬ್ಬೆರಳು ಇರುವುದಿಲ್ಲ.

ಎದೆನೋವು ಅವರಿಗೆ ಮೊದಲು ಬಂದದ್ದು ಮಗ್ಗದ ಕುಣಿಯಲ್ಲಿ. ಕುಣಿ ಎಂದರೆ ನೆಲದಲ್ಲಿ ತೋಡಿದ ಗುಂಡಿ. ಅದರೊಳಗೆ ಕಾಲು ಇಳಿಬಿಟ್ಟು ಕೂತು ಮಗ್ಗ ತುಳಿಯುವುದು. ತುಳಿಯುತ್ತ ಹೊಡೆಯುತ್ತ ಇರುವಾಗ ಎದೆಯ ನಡುವೆ ಯಾರೋ ಹಗ್ಗ ಬಿಗಿದಂತಾಗಿ ಎಡದವಡೆಯ ತನಕ ಏರುತ್ತಿತ್ತು. ಕೈ ಬಿಟ್ಟರೆ ಐದು ನಿಮಿಷದಲ್ಲಿ ಇಳಿಯುತ್ತಿತ್ತು. ನಾವಾದರೆ ವಾಯು ಎಂದು ಓಂಕಾಳು ಅಗಿಯುತ್ತಿದ್ದೆವು. ಅವರು ನೇಕಾರರು. ಮಗ್ಗ ನಡೆದರೆ ನೋವು, ಮಗ್ಗ ನಿಂತರೆ ನೋವಿಲ್ಲ. ಆದ್ದರಿಂದ ರೋಗ ಮಗ್ಗಕ್ಕೆ ಎಂದು ನಿರ್ಣಯಿಸಿದರು. ಬಡಗಿಯನ್ನು ಕರೆಸಿ ಮಗ್ಗದ ಹಲಗೆ ಹಗುರ ಮಾಡಿಸಿದರು. ತುಳಿಯುವ ಮಣೆಯ ಹಗ್ಗ ಸಡಿಲಿಸಿದರು. ಮಗ್ಗಕ್ಕೆ ಉದ್ದಕ್ಕೆ ಎಳೆದ ನೂಲಿನ ಹಾಸಿನ ಬಿಗಿ ಇಳಿಸಿದರು. ಒಂದೇ ಹಾಸಿನಲ್ಲಿ ಎಂಟು ಸೀರೆ ಇಳಿಸುವ ಊರು ನಮ್ಮದು. ಆ ಸಲದ ಎಂಟರಲ್ಲಿ ಮೂರು ಜೋಲುಬಿದ್ದು ಬಂದವು. ನೋವು ಮಾತ್ರ ಬಿಗಿಯಾಗಿಯೇ ಉಳಿಯಿತು. ಹೀಗೆ ಎರಡು ತಿಂಗಳು ಮಗ್ಗಕ್ಕೆ ಚಿಕಿತ್ಸೆ ನಡೆಯಿತು. ಒಂದು ದಿನ ನಲ್ಲಿಯಿಂದ ಕೊಡ ಹೊತ್ತು ತರುವಾಗಲೂ ನೋವು ಬಂತು.

"ಅಲ್ರಿ ಮಾಸ್ತರ್ರ, ಕೊಡಕ್ಕೂ ಹಗ್ಗ ಬಿಗಿ ಆಗತೈತೇನ್ರಿ?" ಎಂದು ಕೇಳಿದರು. ನಾನು ಅವರ ಮುಖ ನೋಡಿದೆ. ಬೂದಿ ಬಣ್ಣಕ್ಕೆ ತಿರುಗಿತ್ತು.

ಮರುದಿನ ಮಕ್ತಲದ ಮೇಲೆ ಹಾಯ್ದು ಗದ್ವಾಲಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಎದೆಯ ಡಾಕ್ಟರೊಬ್ಬರು ವಾರಕ್ಕೆರಡು ದಿನ ಬಂದು ಕೂರುತ್ತಿದ್ದರು. ನಾರಾಯಣಪೇಟೆಯ ನೇಕಾರ ಗದ್ವಾಲದವರ ಮುಂದೆ ಅಂಗಿ ಬಿಚ್ಚುವುದು ಸಣ್ಣ ಸಂಗತಿಯಲ್ಲ. ಎರಡೂ ಸೀರೆಯ ಊರು. ಮಂಚದ ಮೇಲೆ ಮಲಗಿಸಿ ಎದೆಗೆ ವೈರು ಅಂಟಿಸುವಾಗ ಅವರ ಎರಡು ಬೆರಳು ಹಾಸಿದ ಚಾದರವನ್ನು ಹಿಡಿದು ತೀಡುತ್ತಿದ್ದವು. ಎದ್ದು ಹೊರಗೆ ಬಂದವರು ನನ್ನ ಕಿವಿಯಲ್ಲಿ, ಪವರ್‌ಲೂಮಿಂದು, ಎಂದು ಹೇಳಿ ಬಹಳ ಸಮಾಧಾನಪಟ್ಟರು.

ಡಾಕ್ಟರು ತೆಲುಗಿನಲ್ಲಿ ಬಿಡಿಸಿ ಹೇಳಿದರು. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಿರಿದಾಗಿದೆ. ಸುಮ್ಮನೆ ಕೂತಾಗ ಬರುವ ರಕ್ತ ಸಾಕಾಗುತ್ತದೆ, ಕೆಲಸಕ್ಕೆ ಸಾಲುವುದಿಲ್ಲ, ಆಗ ಅದು ನೋವಾಗಿ ಕೂಗುತ್ತದೆ. ದೊಡ್ಡ ಊರಿಗೆ ಹೋಗಿ ನಾಳದ ಪರೀಕ್ಷೆ ಮಾಡಿಸಬೇಕು, ಅಲ್ಲಿಯತನಕ ಮಾತ್ರೆ. ದೊಡ್ಡ ಊರಿನ ಮಾತು ಅಲ್ಲೇ ಉಳಿಯಿತು. ಮಾತ್ರೆಗಳನ್ನು ಮಾತ್ರ ಅವರು ಬಸ್ಸಿನಲ್ಲಿ ತೊಡೆಯ ಮೇಲೆ ಸಾಲಾಗಿ ಇಟ್ಟುಕೊಂಡು ಒಂದೊಂದಕ್ಕೂ ಮಗ್ಗದ ಕೆಲಸ ಹಚ್ಚಿದರು. ರಕ್ತ ಗಟ್ಟಿಯಾಗದಿರಲೆಂದು ಕೊಟ್ಟದ್ದು ದಾರಕ್ಕೆ ದಾರ ಅಂಟದಂತೆ ನೋಡುವುದು. ಎದೆಬಡಿತ ಇಳಿಸುವುದು ಲಾಳಿಯ ಓಟ ತಗ್ಗಿಸುವುದು. ರಾತ್ರಿ ಮಲಗುವಾಗಿನದು ಜಿಡ್ಡು ತೆಗೆಯುವುದು. ನಾಲ್ಕನೆಯದು ನಾಳ ಅಗಲ ಮಾಡುವುದು. ಅದನ್ನು ಮುಂಜಾನೆ ಎಂಟಕ್ಕೆ ಮತ್ತು ಮಧ್ಯಾಹ್ನ ಮೂರಕ್ಕೆ ಮಾತ್ರ ತೆಗೆದುಕೊಳ್ಳಬೇಕು, ರಾತ್ರಿ ಕೂಡದು. ಇಪ್ಪತ್ನಾಲ್ಕು ತಾಸೂ ಮೈಯಲ್ಲಿದ್ದರೆ ಮೈ ಅದಕ್ಕೆ ಒಗ್ಗಿಹೋಗಿ ಮಾತ್ರೆ ನಾಟುವುದಿಲ್ಲ, ನಡುವೆ ಬಿಡುವು ಬೇಕು ಎಂದು ಡಾಕ್ಟರು ಹೇಳಿದ್ದರು. ಎಲ್ಲಕ್ಕಿಂತ ಇದು ಅವರ ಮನಸ್ಸಿಗೆ ಹಿಡಿಸಿತು. "ನೋಡ್ರಿ, ಔಷಧಕ್ಕೂ ಉಪಾಸ ಐತಿ" ಎಂದರು.

ಐದನೆಯದು ಬೇರೆ ಜಾತಿಯದು. ಅದಕ್ಕೆ ಹೊತ್ತಿಲ್ಲ. ನೋವು ಬಂದ ಕೂಡಲೇ ಕೂತುಕೊಂಡು ನಾಲಿಗೆಯ ಅಡಿ ಇಡಬೇಕು. ನುಂಗಬಾರದು, ನುಂಗಿದರೆ ಹೊಟ್ಟೆ ಸುತ್ತಿ ಬರುವಷ್ಟರಲ್ಲಿ ತಡವಾಗುತ್ತದೆ. ನಿಂತು ಇಟ್ಟುಕೊಂಡರೆ ತಲೆ ತಿರುಗಿ ಬೀಳಬಹುದು. ತಲೆ ಸಿಡಿದರೆ ಹೆದರಬಾರದು. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ ಮನೆಯಲ್ಲಿ ಕೂರಬಾರದು, ಆಂಬುಲೆನ್ಸಿಗೆ ಫೋನ್ ಮಾಡಬೇಕು. ಡಾಕ್ಟರು ಎರಡು ಸಲ ಹೇಳಿದರು: ಈ ಮಾತ್ರೆಗೆ ತಡ ಆಗಬಾರದು.

ಮೂರನೆಯ ದಿನ ಸಂಜೆ ಅವರು ಕಟ್ಟೆಗೆ ಬಂದು ನನ್ನ ಧೋತರದ ಅಂಚು ಹಿಡಿದರು. ಲಿಂಗ ಕಟ್ಟಿಕೊಂಡ ಮನೆತನ ಅವರದು. ಮುಂಜಾನೆ ಸ್ನಾನ ಮಾಡಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವ ತನಕ ಬಾಯಿಗೆ ನೀರಿನ ಹನಿಯೂ ಇಲ್ಲ. ಪೂಜೆಯಾದ ಮೇಲೂ ತಿನ್ನುವುದೆಲ್ಲ ಲಿಂಗಕ್ಕೆ ತೋರಿಸಿಯೇ. ದಿನದ ಮಾತ್ರೆಗಳಿಗೆ ತೊಡಕಿರಲಿಲ್ಲ, ನಾಷ್ಟಾ ಆದ ಮೇಲೆ ಎಂದು ಡಾಕ್ಟರೇ ಹೇಳಿದ್ದರು. ತೊಡಕು ಐದನೆಯದರದು.

"ಪೂಜಿಗಿಂತ ಮೊದ್ಲ ನೋವು ಬಂತಂದ್ರ ಹೆಂಗ್ರಿ ಮಾಸ್ತರ್ರ? ಅದನ್ನ ನುಂಗಂಗಿಲ್ಲ, ಬರೇ ನಾಲಿಗಿ ಅಡ್ಯಾಗ ಇಡೋದು. ಅದು ತಿಂದಂಗ ಆತೇನ್ರಿ?"

ಎರಡು ದಿನ ಈ ಪ್ರಶ್ನೆಯನ್ನು ಅವರು ಮನಸ್ಸಿನಲ್ಲೇ ತೀಡಿದ್ದರು ಎಂಬುದನ್ನು ಅವರ ಬೆರಳೇ ಹೇಳುತ್ತಿತ್ತು. ತಿಂದಂಗಲ್ಲ, ಇಟಗೊಳ್ರಿ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಸಂಜೆ ಕಟ್ಟೆ ತುಂಬಿತ್ತು. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಕನ್ನಡಕ ಒರೆಸಿದೆ.

"ಫೈಸಲಾ," ಎಂದೆ. "ಬಾಯಿ ಅನ್ನೋದು ಒಂದ ಮನಿ. ನಾಲಿಗಿ ಮ್ಯಾಲಿಂದು ಮಾಳಿಗಿ, ಕೆಳಗಿಂದು ನೆಲಮಾಳಿಗಿ. ಕಳ್ಳ ಮಾಳಿಗ್ಯಾಗ ಹೊಕ್ಕರೂ ಕಳ್ಳನ, ನೆಲಮಾಳಿಗ್ಯಾಗ ಹೊಕ್ಕರೂ ಕಳ್ಳನ. ಪೂಜಿಗೆ ಮುಂಚೆ ಯಾವ ಮಾತ್ರಿಗೂ ಪ್ರವೇಶ ಇಲ್ಲ."

ಕಟ್ಟೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವರು ನಗಲಿಲ್ಲ. ಮಠದ ಅಯ್ಯನವರನ್ನು ಒಂದು ಮಾತು ಕೇಳಲೇ ಎಂದು ಮೆಲ್ಲಗೆ ಕೇಳಿದರು. ಈ ಕಚೇರಿಯ ಮೇಲೆ ಅಪೀಲು ಇಲ್ಲ ಎಂದೆ. ಮತ್ತೊಮ್ಮೆ ನಗು. ಅವರು ಅಂಚು ಬಿಟ್ಟು, ತಲೆಯಾಡಿಸಿ, ಎದ್ದು ರಸ್ತೆ ದಾಟಿ ಹೋದರು. ಏಣಿ ನನಗೆ ಆಗ ನೆನಪಾಗಬೇಕಿತ್ತು.

ಆಮೇಲೆ ಐದಾರು ತಿಂಗಳು ಚೆನ್ನಾಗಿಯೇ ನಡೆಯಿತು. ಒಂದು ಸಲ ಗುಂಡುಮಾಲಿನಲ್ಲಿರುವ ಅವರ ಮಗಳ ಮನೆಗೆ ಉಡುಗೊರೆ ಸೀರೆಗೆ ಬೇಕಾದ ರೇಷ್ಮೆ ನೋಡಲೆಂದು ನಾವಿಬ್ಬರೂ ಮಕ್ತಲಕ್ಕೆ ಹೋಗಿದ್ದೆವು. ಬಸ್‌ಸ್ಟ್ಯಾಂಡಿನ ನಡುವೆ ಅವರಿಗೆ ನೋವು ಬಂತು. ಕೂತುಕೊಂಡು ಎಂದು ಡಾಕ್ಟರು ಹೇಳಿದ್ದರಲ್ಲ. ಬಸ್ಸು ತಿರುಗುವ ಜಾಗದಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ಕೊರಳಿನ ಕರಡಿಗೆ ತೆಗೆದು, ಸುತ್ತಿದ ಬಟ್ಟೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಬಲಗೈಯ ಮಾತ್ರೆಯನ್ನು ಅದಕ್ಕೆ ತೋರಿಸಿ, ಕಣ್ಣು ಮುಚ್ಚಿ, ಆಮೇಲೆ ನಾಲಿಗೆಯ ಅಡಿ ಇಟ್ಟರು. ಹಿಂದೆ ಬಸ್ಸು ಹಾರನ್ ಹೊಡೆಯುತ್ತಿತ್ತು. ಬುಟ್ಟಿ ಹೊತ್ತ ಮುದುಕಿಯೊಬ್ಬಳು ಯಾರೋ ಶರಣರೆಂದು ಕೈಮುಗಿದು ಹೋದಳು. ಈ ಕಥೆಯನ್ನು ನಾನು ಕಟ್ಟೆಯ ಮೇಲೆ ಅಭಿನಯಿಸಿ ತೋರಿಸಿದೆ. ಹಾರನ್ ಕೂಡ ಬಾಯಿಂದಲೇ ಹೊಡೆದೆ. ಮಾತ್ರೆ ಬಾಯಿಗೆ ಸೇರಲು ಎರಡು ನಿಮಿಷ ಹಿಡಿಯಿತು ಎಂಬುದು ಕಥೆಯಲ್ಲೇ ಇತ್ತು. ಅದನ್ನೂ ನಗೆಗೇ ಬಳಸಿದೆ.

ಮಾರ್ಗಶಿರದ ಚಳಿಯಲ್ಲಿ, ಇನ್ನೂ ಬೆಳಕು ಹರಿಯುವಾಗ, ಎದುರು ಮನೆಯಿಂದ ಕೂಗು ಕೇಳಿತು. ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಒದ್ದೆ ಮೈಗೆ ಮಡಿಪಂಜಿ ಸುತ್ತಿಕೊಂಡು ಗೋಡೆಗೆ ಒರಗಿ ಕೂತಿದ್ದರು. ಹಣೆಗೆ ವಿಭೂತಿ. ಎಡಗೈಯಲ್ಲಿ ಲಿಂಗ. ಬಲಗೈ ಮುಷ್ಟಿ.

ನಡೆದದ್ದನ್ನು ಅವರ ಹೆಂಡತಿ ಹೇಳಿದ್ದು ಮಣ್ಣು ಮಾಡಿ ಬಂದ ಮೇಲೆ. ಎದ್ದು ಮೋರಿಯ ತನಕ ಹೋಗಿ ಬರುವಾಗಲೇ ನೋವು ಬಂತಂತೆ. ನಾಲ್ಕನೆಯ ಮಾತ್ರೆ ಉಪವಾಸವಿದ್ದ ಹೊತ್ತು ಅದು. ಅವರು ಡಾಕ್ಟರು ಹೇಳಿದಂತೆ ಕೂತರು. ಈಕೆ ಮಾತ್ರೆ ತಂದು ಕೈಯಲ್ಲಿ ಕೊಟ್ಟರು. ಅವರು ಅದನ್ನು ಮುಷ್ಟಿಯಲ್ಲೇ ಹಿಡಿದು, ಪೂಜೆ ಆಗಲಿ ಎಂದರಂತೆ. ಒಲೆಯ ಮೇಲೆ ನೀರಿತ್ತು. ಈಕೆಯೇ ಗಡಬಡಿಸಿ ಎರಡು ಚೆಂಬು ಎರೆದು, ವಿಭೂತಿ ಹಚ್ಚಿ, ಲಿಂಗ ಬಿಚ್ಚಿ ಅವರ ಎಡ ಅಂಗೈಯಲ್ಲಿ ಇಟ್ಟರು. ಪೂಜೆ ಮುಗಿಯಿತು. ಬಲಗೈ ಬಾಯಿಯ ಕಡೆ ಏಳಲಿಲ್ಲ.

"ಅವರ ನೇಮ ಕಡೀತನ ಕೆಡಲಿಲ್ರಿ ಮಾಸ್ತರ್ರ," ಎಂದರು ಆಕೆ. "ನೀವು ಮೊದ್ಲ ಹೇಳಿಟ್ಟಿದ್ದು ಚಲೋ ಆತು. ಇಲ್ಲಾಂದ್ರ ನಾನು ಹೆಂಗಸು, ದಿಕ್ಕು ತಪ್ಪಿ ಅವರ ಬಾಯಾಗ ತುರುಕೇ ಬಿಡ್ತಿದ್ದೆ."

ಹೀಗೆ ಹೇಳಿ ನನಗೆ ಕೈಮುಗಿದರು. ಬದುಕಿನಲ್ಲಿ ನನಗೆ ಅನೇಕರು ಕೈಮುಗಿದಿದ್ದಾರೆ, ಮಾಸ್ತರಿಕೆಯ ಲಾಭವೇ ಅದು. ಆ ಒಂದು ನಮಸ್ಕಾರವನ್ನು ಎಲ್ಲಿ ಇಡಬೇಕೋ ಇವತ್ತಿಗೂ ತಿಳಿದಿಲ್ಲ. ಹಾಗೆಯೇ ಆ ಬಲಗೈ. ಮೈ ತೊಳೆಯುವವರು ಮುಷ್ಟಿ ಬಿಡಿಸಿದಾಗ ಅಂಗೈ ತುಂಬ ಬೆಳ್ಳಗಿತ್ತು. ವಿಭೂತಿ ಎಂದು ಅವರು ಒರೆಸಲಿಲ್ಲ. ಅದು ನೀರಿಗೆ ಕರಗಿದ ಮಾತ್ರೆ ಎಂದು ನನಗೆ ತಿಳಿದಿತ್ತು. ನಾನು ಹೇಳಲಿಲ್ಲ. ಹಾಗೇ ಮಣ್ಣಿಗಿಟ್ಟರು.

ಹನ್ನೆರಡು ದಿನ ಬಿಟ್ಟು ಮಠಕ್ಕೆ ಹೋದೆ. ಅಯ್ಯನವರು ಪತ್ರಿ ಆರಿಸುತ್ತಿದ್ದರು. ಪೂಜೆಗೆ ಮುಂಚೆ ಜೀವಕ್ಕೆ ಬಂದರೆ ನಾಲಿಗೆಯ ಅಡಿ ಮಾತ್ರೆ ಇಡಬಹುದೇ ಎಂದು ಕೇಳಿದೆ. ಅವರು ತಲೆ ಕೂಡ ಎತ್ತಲಿಲ್ಲ. "ಜೀವ ಇದ್ರಲ್ಲೇನ್ರಿ ಪೂಜಿ? ಮದ್ದಿಗೆ ನೇಮ ಇಲ್ಲ. ಇದನ್ನ ಯಾರರ ಕೇಳ್ತಾರೇನ್ರಿ ಮಾಸ್ತರ್ರ?"

ಒಬ್ಬರು ಕೇಳಬೇಕೆಂದಿದ್ದರು ಎಂದು ನಾನು ಹೇಳಲಿಲ್ಲ. ಅಪೀಲು ಅರ್ಧ ನಿಮಿಷದಲ್ಲಿ ಮುಗಿದಿತ್ತು.

ಅಂದಿನಿಂದ ಕಚೇರಿ ಬಂದ್. ಕಣ್ಣು ಮಂಜಾಗಿದೆ, ಸಂಜೆ ಹೊರಗೆ ಕೂರಲಾಗದು ಎಂದು ಓಣಿಗೆ ಸಾರಿದೆ. ಜನ ಬೇರೆ ಕಟ್ಟೆ ನೋಡಿಕೊಂಡರು. ಎಲ್ಲರೂ ಹೋದ ಮೇಲೆ ಕತ್ತಲಾಗುವ ತನಕ ನಾನೊಬ್ಬನೇ ಹೋಗಿ ಕೂರುವುದುಂಟು. ಧೋತರದ ಅಂಚಿನ ಸಂಗತಿ ಆಗಲೇ ಹೇಳಿದೆ. ಎದುರು ಮನೆಯಾಕೆಗೆ ಸತ್ಯ ಹೇಳಬೇಕೆಂದು ಎಷ್ಟೋ ಸಲ ರಸ್ತೆ ದಾಟಿದೆ. ಅವರ ನೇಮ ಉಳಿಯಿತು ಎಂಬ ಒಂದು ಮಾತಿನ ಮೇಲೆ ಆಕೆ ದಿನ ದೂಡುತ್ತಿದ್ದರು. ಅದನ್ನು ಎಳೆದುಬಿಟ್ಟರೆ ಏನು ಉಳಿಯುತ್ತದೆ? ಚಹಾ ಕುಡಿದು ವಾಪಸು ಬರುತ್ತಿದ್ದೆ. ಇದನ್ನು ಕರುಣೆ ಎಂದು ಕರೆದುಕೊಂಡೆ. ಅರಿವೆಯಾಗಿದ್ದರೆ ನಿಜ ಹೇಳುತ್ತಿತ್ತು.

ಈ ವರ್ಷ ರಾಟೆ ತಿರುವುವಾಗ ಆಕೆಗೂ ಎದೆಯಲ್ಲಿ ಹಗ್ಗ ಬಿಗಿಯಿತು. ಗುಂಡುಮಾಲಿನಿಂದ ಮಗಳು ಬಂದಳು. ಮೂವರೂ ಗದ್ವಾಲಕ್ಕೆ ಹೋದೆವು. ಅದೇ ಡಾಕ್ಟರು, ಅದೇ ಮಂಚ. ಆಕೆಗೆ ವೈರು ಅಂಟಿಸುತ್ತಿರುವಾಗ ನಾನು ಹೊರಗೆ ಡಾಕ್ಟರನ್ನು ಹಿಡಿದು, ಅಂದು ಆ ಮಾತ್ರೆಯನ್ನು ಕೂಡಲೇ ಇಟ್ಟುಕೊಂಡಿದ್ದರೆ ಉಳಿಯುತ್ತಿದ್ದರೇ ಎಂದು ಕೇಳಿದೆ. ಆ ಮಾತ್ರೆ ನೋವು ಇಳಿಸುತ್ತದೆ, ನಾಳ ಪೂರ್ತಿ ಮುಚ್ಚಿದರೆ ಅದೊಂದರಿಂದಲೇ ಆಗುವುದಿಲ್ಲ ಎಂದರು. ಆದರೆ ಕೂಡಲೇ ಇಟ್ಟು, ಇಳಿಯಲಿಲ್ಲವೆಂದು ಗೊತ್ತಾಗಿ, ಗಾಡಿ ಕರೆಸಿದ್ದರೆ ಆಸ್ಪತ್ರೆ ಮುಟ್ಟುತ್ತಿದ್ದರೇನೋ. "ಚೆಪ್ಪಲೇಮು ಸಾರ್" ಎಂದರು. ಹೇಳಲಾಗದು. ಗಲ್ಲಾದರೆ ಗಲ್ಲು, ಖುಲಾಸೆಯಾದರೆ ಖುಲಾಸೆ. ನನಗೆ ಎರಡೂ ಸಿಗಲಿಲ್ಲ. ವಿಚಾರಣೆಯ ಪೇಶಿ ಮುಂದಕ್ಕೆ ಹೋಯಿತು.

ಆಕೆಗೂ ಐದು ಮಾತ್ರೆ ಬರೆದರು. ಊರಿಗೆ ಬಂದು ಬಸ್ಸಿಳಿದು, ಆಕೆಯ ಬಾಗಿಲ ತನಕ ನಡೆದೆವು. ಮಗಳು ಬೀಗ ತೆಗೆದು ಒಳಗೆ ಹೋದಳು. ಆಕೆ ನಾಲಿಗೆಯ ಅಡಿಯ ಮಾತ್ರೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತ ಹೇಳಿದರು:

"ನಂದೂ ಅವರಂಗನ್ರಿ ಮಾಸ್ತರ್ರ. ಪೂಜಿ ಆದ ಮ್ಯಾಲೆನ ಇದು. ನಿಮ್ಮ ಫೈಸಲಾ ಐತಲ್ಲ."

ಮೂರು ವರ್ಷ ಹೊತ್ತದ್ದನ್ನು ಇಳಿಸಲು ಅರ್ಧ ನಿಮಿಷವೇ ಸಾಕಾಯಿತು.

"ತಂಗೀ, ಅದು ಫೈಸಲಾ ಅಲ್ಲ," ಎಂದೆ. "ಮಸ್ಕಿರಿ. ನಾಕು ಮಂದಿ ನಗಲಿ ಅಂತ ಅಂದೆ. ಅಯ್ಯನವರನ್ನ ಕೇಳೀನಿ, ಮದ್ದಿಗೆ ನೇಮ ಇಲ್ಲಂತ. ನೋವು ಬಂದ ಕೂಡ್ಲೆ ಇಟಗೋ."

ಆಕೆಯ ಕೈ ಸೆರಗಿನ ಗಂಟಿನ ಮೇಲೆಯೇ ನಿಂತಿತು.

"ಯಾವಾಗ ಕೇಳಿದ್ರಿ?"

"ಮಣ್ಣಾಗಿ ಹನ್ನೆರಡು ದಿನಕ್ಕ."

"ಮೂರು ವರ್ಷ ಆತು," ಎಂದು ಒಳಗೆ ಹೋದರು. ಬಾಗಿಲು ಹಾಕಿದ ಸದ್ದು ಕೂಡ ಆಗಲಿಲ್ಲ.

ಆಮೇಲೆ ಆಕೆ ನನ್ನೊಂದಿಗೆ ಮಾತಾಡಿಲ್ಲ. ಆದರೆ ವಾರಕ್ಕೊಂದೆರಡು ಸಲ, ಬೆಳಕು ಹರಿಯುವ ಹೊತ್ತಿಗೆ, ಇನ್ನೂ ಸ್ನಾನವಿಲ್ಲದೆ, ಪೂಜೆಯಿಲ್ಲದೆ, ಒಂದು ಕೈಯಿಂದ ಎದೆ ಹಿಡಿದುಕೊಂಡು ಹೊರಗೆ ಬಂದು ಹೊಸ್ತಿಲ ಮೇಲೆ ಕೂರುತ್ತಾರೆ. ಸೆರಗಿನ ಗಂಟು ಬಿಚ್ಚುತ್ತಾರೆ. ಮಾತ್ರೆಯನ್ನು ಅಂಗೈಯ ಮೇಲಿಟ್ಟು, ಗಂಡ ಲಿಂಗಕ್ಕೆ ತೋರಿಸುತ್ತಿದ್ದಂತೆ, ನನ್ನ ಬಾಗಿಲಿನ ಕಡೆ ಚಾಚಿ ತೋರಿಸುತ್ತಾರೆ. ನಾನು ತಲೆಯಾಡಿಸುತ್ತೇನೆ. ಆಗ ಬಾಯಿ ತೆರೆದು ನಾಲಿಗೆಯ ಅಡಿ ಇಟ್ಟುಕೊಳ್ಳುತ್ತಾರೆ. ಐದು ನಿಮಿಷ ಇಬ್ಬರೂ ಕೂತಿರುತ್ತೇವೆ, ನಡುವೆ ರಸ್ತೆ. ನೋವು ಇಳಿದ ಮೇಲೆ ಎದ್ದು ಹೋಗುತ್ತಾರೆ.

ಅದಕ್ಕೇ ನಾನು ಐದಕ್ಕೆಲ್ಲ ಎದ್ದು, ಬಾಗಿಲು ತೆಗೆದು, ಶಾಲು ಹೊದ್ದು ಕೂತಿರುತ್ತೇನೆ. ಜ್ವರ ಬಂದ ದಿನವೂ ತಪ್ಪಿಸಿಲ್ಲ. ಒಂದು ಮುಂಜಾನೆ ನಾನು ಅಲ್ಲಿ ಇರದಿದ್ದರೆ ಆ ಅಂಗೈ ಎಷ್ಟು ಹೊತ್ತು ಚಾಚಿಕೊಂಡು ಕಾಯುತ್ತದೆ ಎಂಬುದನ್ನು ತಿಳಿದುಕೊಳ್ಳುವ ಧೈರ್ಯ ನನಗಿಲ್ಲ.